ಏಣಿ-ಬುಗುರಿ ಜೋಡಿಯೂ ನಮ್ಮ ಬೀದಿಯ ಅಳಿಯನೂ

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಅಳಿಯ ಎಂದೇ ಕರೆಯುತ್ತಿದ್ದರು. ಮದುವೆಯಾದ ಮೇಲೆ ಮಾವನ ಮನೆಯ ಮಹಡಿಯಲ್ಲಿ ಸಂಸಾರ ಹೂಡಿದ್ದರಿಂದ ಬಂದ ಹೆಸರು ಅದು. ಮೊದಮೊದಲು ಆ ಮನೆಗೆ ಮಾತ್ರ ಅಳಿಯನಾಗಿದ್ದವನು ಬರಬರುತ್ತ ಹಾಲಿನವನಿಗೂ ಅಂಚೆಯವನಿಗೂ ಅಳಿಯನಾದ. ಕೊನೆಗೆ ಅವನಿಗಿಂತ ಎಷ್ಟೋ ಚಿಕ್ಕವರೂ 'ಏನು ಅಳಿಯಂದ್ರೇ' ಎಂದು ಮಾತಾಡಿಸತೊಡಗಿದರು. ಕೆಲಸ ರೈಲ್ವೆ ಸ್ಟೇಷನ್ನಿನಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಟ್ಟುಕೊಳ್ಳುವ ಕೌಂಟರಿನಲ್ಲಿ. ಟೋಪಿ, ಊರುಗೋಲು, ಚೀಲ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ತನ್ನ ಸ್ವಂತ ಕೊಡೆಯನ್ನು ಮಾತ್ರ ಆಗಾಗ ಎಲ್ಲಾದರೂ ಬಿಟ್ಟು ಬರುತ್ತಿದ್ದ.

ಒಳ್ಳೆಯ ಮನುಷ್ಯ. ಆದರೆ ಒಂದು ಚಪಲ. 'ನನಗೆ ಗೊತ್ತಿಲ್ಲ' ಎನ್ನುವ ಎರಡು ಪದಕ್ಕೆ ಅವನ ನಾಲಿಗೆ ಹೊರಳುತ್ತಿರಲಿಲ್ಲ.

ಆ ವರ್ಷ ಊರಿಗೆ ಬ್ಯಾಸ್ಕೆಟ್‌ಬಾಲ್ ಜ್ವರ ಏರಿತ್ತು. ಊರಿನ ತಂಡಕ್ಕೆ ಹೊಸದಾಗಿ ಇಬ್ಬರು ಬಂದು ಸೇರಿದ್ದರು. ಒಬ್ಬ ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಬೇಕಾದಷ್ಟು ಉದ್ದ. ಅವನಿಗೆ ಜನ ಏಣಿ ಎಂದು ಹೆಸರಿಟ್ಟರು. ಇನ್ನೊಬ್ಬ ಗಿಡ್ಡ, ಒಂದು ಗಳಿಗೆ ನಿಂತಲ್ಲಿ ನಿಲ್ಲದವನು, ಅವನು ಬುಗುರಿಯಾದ. ಇವರಿಬ್ಬರು ಬಂದದ್ದೇ ತಡ, ಎಷ್ಟೋ ಕಾಲದಿಂದ ಮೊದಲ ಸುತ್ತಿನಲ್ಲೇ ಮನೆಗೆ ಬರುತ್ತಿದ್ದ ತಂಡ ಸೆಮಿಫೈನಲ್ ಮುಟ್ಟಿತು. ಹೊಸದು ಬಂದಾಗ ಹಳೆಯದನ್ನು ಅಟ್ಟದಿಂದ ಇಳಿಸಿ ಧೂಳು ಕೊಡವುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಸೂಜಿ-ದಾರ ಎಂಬ ಜೋಡಿಯ ಮುಂದೆ ಇವರು ಯಾವ ಲೆಕ್ಕ ಎಂದರು ಕೆಲವರು. ಸೂಜಿ ಎದುರಾಳಿಗಳ ಸಂದಿಯಲ್ಲಿ ತೂರಿದರೆ ದಾರ ಕೇಳದೆಯೇ ಹಿಂದೆ ಬರುತ್ತಿದ್ದನಂತೆ. ಇನ್ನೂ ಹಿರಿಯರು ಬಾಗಿಲು-ಚಿಲಕ ಜೋಡಿಯನ್ನು ನೆನೆದರು. ಅವರಿಬ್ಬರು ಬುಟ್ಟಿಯ ಕೆಳಗೆ ನಿಂತರೆ ಚೆಂಡಿನ ಮಾತಿರಲಿ, ಗಾಳಿಯೂ ಒಳಗೆ ಹೋಗುತ್ತಿರಲಿಲ್ಲವಂತೆ.

ಇದೇ ಹೊತ್ತಿಗೆ ಅಳಿಯನ ಮನೆಯಲ್ಲೂ ಹೊಸದೊಂದು ಸಂಗತಿ ನಡೆದಿತ್ತು. ಅವನ ಮಾವ ಗಡಿಯಾರ ರಿಪೇರಿಯವರು, ನಮ್ಮ ಬೀದಿಗೇ ಎತ್ತರದ ಆಳು. ಹೆಂಡತಿ ತೀರಿಕೊಂಡ ಮೇಲೆ ಗಡಿಯಾರಗಳ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅಲ್ಲಿಗೆ ನಿವೃತ್ತರಾದ ವ್ಯಾಯಾಮ ಶಿಕ್ಷಕಿಯೊಬ್ಬರು ತಮ್ಮ ಸ್ಟಾಪ್‌ವಾಚ್ ರಿಪೇರಿಗೆ ತಂದರು. ಅದು ಮತ್ತೆ ಕೆಟ್ಟಿತು, ಮತ್ತೆ ತಂದರು. ಕೊನೆಕೊನೆಗೆ ಅದು ಕೆಡದಿದ್ದರೂ ತಂದರು. ಹಿಂದಿನ ತಿಂಗಳಷ್ಟೇ ಇಬ್ಬರೂ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದಿದ್ದರು. ಆಕೆ ಮಾವನ ಭುಜದವರೆಗೂ ಬರುತ್ತಿರಲಿಲ್ಲ. ಬೀದಿಯವರು ಬಹಳ ಸಂತೋಷ ಎಂದರು; ಎಂದು ಬಾಗಿಲು ಹಾಕಿಕೊಂಡು ಬೇರೆ ಏನೇನೋ ಎಂದರು. ಅಳಿಯನ ಹೆಂಡತಿ ಗಂಡನನ್ನು ಕೂರಿಸಿಕೊಂಡು ಹೇಳಿದ್ದಳು: "ರೀ, ಅಪ್ಪನ ವಿಷಯ ನಾಜೂಕು. ಹೊರಗೆ ಯಾರಾದ್ರೂ ಕೆದಕಿದ್ರೆ ನೀವು ಬಾಯಿ ಬಿಡ್ಬೇಡಿ."

"ನಾನ್ಯಾಕೆ ಬಿಡ್ಲಿ?" ಎಂದ ಅಳಿಯ.

ಮರುದಿನವೇ ಬಿಟ್ಟ. ಆದರೆ ಬೇರೆ ವಿಷಯಕ್ಕೆ.

ಕ್ಷೌರದಂಗಡಿಯಲ್ಲಿ ಅವನು ಕುರ್ಚಿ ಏರಿದಾಗ ಏಣಿ-ಬುಗುರಿ ಚರ್ಚೆ ಕಾವೇರಿತ್ತು. ಗಂಟಲಿನ ಹತ್ತಿರ ಕತ್ತಿ ಹಿಡಿದುಕೊಂಡು ಅಂಗಡಿಯವನು ಕೇಳಿದ: "ಅಳಿಯಂದ್ರೇ, ನೀವೇನಂತೀರಿ? ಹಳೇ ಜೋಡಿಯೋ, ಹೊಸ ಜೋಡಿಯೋ?"

ಅಳಿಯ ಜನ್ಮದಲ್ಲಿ ಒಂದು ಪಂದ್ಯವನ್ನೂ ನೋಡಿದವನಲ್ಲ. ಆದರೆ ಅಂದು ಬೆಳಿಗ್ಗೆ ರೈಲಿನಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆಯ ಕ್ರೀಡಾಪುಟವೊಂದು ಅವನ ಕೌಂಟರಿಗೆ ಬಂದಿತ್ತು. ವಾರಸುದಾರರು ಬಾರದ ಸಾಮಾನನ್ನು ಬಳಸಬಾರದೆಂದು ನಿಯಮವಿದೆ. ವಾರಸುದಾರರು ಬಾರದ ಅಭಿಪ್ರಾಯವನ್ನು ಬಳಸಬಾರದೆಂದು ಎಲ್ಲೂ ಬರೆದಿಲ್ಲ. ಅವನು ಗಂಟಲು ಸರಿಪಡಿಸಿಕೊಂಡ. ತಿಳಿದವರು ಆಟಗಾರರನ್ನು ಬಹುವಚನದಲ್ಲೇ ಕರೆಯುತ್ತಾರೆ ಎಂಬುದು ಅವನ ನಂಬಿಕೆ. ಮುಂದಿನ ಅನಾಹುತಕ್ಕೆಲ್ಲ ಈ ಬಹುವಚನವೇ ಮೂಲ.

"ನೋಡಿ ಸ್ವಾಮಿ, ಹಳೇ ಜೋಡಿ ಹಳೇ ಜೋಡೀನೇ. ಅವರಿಬ್ಬರ ಮಧ್ಯೆ ಮಾತೇ ಬೇಕಿರ್ಲಿಲ್ಲ, ಎಲ್ಲಾ ಕಣ್ಣಲ್ಲೇ ಆಗೋದು. ಈ ಹೊಸ ಜೋಡಿ ನೋಡೋಕಷ್ಟೇ ಚೆಂದ. ಉದ್ದದವರಿಗೆ ಮೊಣಕಾಲು ಆಗ್ಲೇ ಕೈ ಕೊಟ್ಟಿದೆ. ಗಿಡ್ಡದವರು ಕೈಗೆ ಸಿಕ್ಕಿದ್ದನ್ನ ಬಿಡೋ ಪೈಕಿ ಅಲ್ಲ, ಎಲ್ಲಾ ತಮ್ಮಿಂದ್ಲೇ ಆಗ್ಬೇಕು. ಬೇಕಾದ್ರೆ ಬರೆದಿಟ್ಕೊಳ್ಳಿ, ಈ ಸೀಸನ್ ಮುಗಿಯೋದ್ರೊಳಗೆ ಇಬ್ರೂ ಬೇರೆ ಬೇರೆ."

ಅಂಗಡಿಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಅಳಿಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. ನೊರೆ ಹಚ್ಚಿದ ಮುಖದಲ್ಲೂ ಒಂದು ಗಾಂಭೀರ್ಯ ಕಂಡಿತು.

ಕ್ಷೌರದಂಗಡಿಗೂ ಪಕ್ಕದ ಟೈಲರಮ್ಮನ ಅಂಗಡಿಗೂ ನಡುವೆ ಇದ್ದದ್ದು ಬರೀ ಒಂದು ಹಲಗೆಯ ಗೋಡೆ. ಟೈಲರಮ್ಮ ಆಗಷ್ಟೇ ಹೊಲಿಗೆ ಯಂತ್ರ ನಿಲ್ಲಿಸಿ ದಾರ ಬದಲಿಸುತ್ತಿದ್ದರು. ಅಳಿಯನ ದನಿ ಅವರಿಗೆ ಚೆನ್ನಾಗಿ ಗೊತ್ತು. ಹಳೇ ಜೋಡಿ, ಹೊಸ ಜೋಡಿ, ಉದ್ದದವರು, ಗಿಡ್ಡದವರು. ಅವರು ಸೂಜಿಗೆ ದಾರ ಪೋಣಿಸುವುದನ್ನೇ ಮರೆತರು. ಸ್ವಂತ ಅಳಿಯನೇ, ಅದೂ ಮದುವೆಯಾಗಿ ತಿಂಗಳಾಗುವುದರೊಳಗೆ.

ಟೈಲರಮ್ಮ ಚಾಡಿ ಹೇಳುವವರಲ್ಲ. ಅಳತೆ ಕೊಡಲು ಬಂದವರೊಡನೆ ಮನಸ್ಸಿನ ಭಾರ ಇಳಿಸಿಕೊಂಡರು, ಅಷ್ಟೇ. ಅವತ್ತು ಅಳತೆ ಕೊಡಲು ಬಂದವರು ಸ್ವಲ್ಪ ಜಾಸ್ತಿ.

ಸಂಜೆ ಹೊತ್ತಿಗೆ ಔಷಧಿ ಅಂಗಡಿಯವನು ಮಾವನ ಅಂಗಡಿಗೆ ಬಂದು, ಯಾರೂ ಕೇಳದಿದ್ದರೂ ಮೊಣಕಾಲಿಗೆ ಹಾಕುವ ಪಟ್ಟಿಯೊಂದನ್ನು ಗಾಜಿನ ಮೇಜಿನ ಮೇಲಿಟ್ಟ. "ಇರ್ಲಿ ಬಿಡಿ ಯಜಮಾನ್ರೇ, ಹೊಸ ಸಂಸಾರ, ಓಡಾಟ ಇರುತ್ತೆ" ಎಂದ. ಎದುರು ಮನೆಯ ವಕೀಲರು ಮಾವನನ್ನು ದಾರಿಯಲ್ಲಿ ನಿಲ್ಲಿಸಿ, ತಮ್ಮ ಆಫೀಸು ಭಾನುವಾರವೂ ತೆರೆದಿರುತ್ತದೆ ಎಂದು ಸುಮ್ಮನೆ ತಿಳಿಸಿದರು. ಕೈಗೆ ಸಿಕ್ಕಿದ್ದನ್ನು ಬಿಡುವುದಿಲ್ಲ ಎಂಬ ಮಾತು ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ, ಟೀಚರ್ ಮಾವನ ಮನೆಯ ಪತ್ರಗಳನ್ನೆಲ್ಲ ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ ಎಂದಾಗಿತ್ತು.

ಅಳಿಯ ಮನೆಗೆ ಬಂದಾಗ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

"ಕ್ಷೌರದಂಗಡೀಲಿ ಜೋಡಿ ಬಗ್ಗೆ ಮಾತಾಡಿದ್ರಂತೆ."

ತನ್ನ ಅಭಿಪ್ರಾಯ ತನಗಿಂತ ಮೊದಲೇ ಮನೆ ಸೇರಿದ್ದು ಕಂಡು ಅಳಿಯ ಉಬ್ಬಿಹೋದ. "ನಿನ್ನ ಕಿವಿಗೂ ಬಿತ್ತಾ? ಅಂಗಡಿಯವನು ಕತ್ತಿ ನಿಲ್ಲಿಸಿ ಕೇಳಿದ. ಎಲ್ರೂ ಒಪ್ಪಿದ್ರು."

"ಎಲ್ರೂ ಒಪ್ಪಿದ್ರಾ?"

"ಒಂದು ಅಪಸ್ವರ ಇಲ್ಲ."

"ನೀವು ಮನಸ್ಸಿಟ್ಟು ಹೇಳಿದ್ರಾ, ಇಲ್ಲ ಮಾತಿಗೆ ಹೇಳಿದ್ರಾ?"

"ಪೂರ್ತಿ ಮನಸ್ಸಿಟ್ಟು. ಹಳೇ ಜೋಡಿನ ಕಣ್ಣಾರೆ ನೋಡಿದೋನು ನಾನು." ಇದು ಹಸಿ ಸುಳ್ಳು, ಸೂಜಿ-ದಾರ ಆಡುತ್ತಿದ್ದ ಕಾಲದಲ್ಲಿ ಅವನು ಈ ಊರಿನಲ್ಲೇ ಇರಲಿಲ್ಲ.

ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. "ಹಳೇ ಜೋಡಿ ಹಾಗಿತ್ತು ಅನ್ನೋದು ನಂಗೂ ಗೊತ್ತು ರೀ. ನಿಮಗಿಂತ ಚೆನ್ನಾಗಿ ಗೊತ್ತು. ಆದ್ರೆ ಅದನ್ನ ಬೀದೀಲಿ ಹೇಳ್ಬೇಕಿತ್ತಾ?"

ತನ್ನ ಹೆಂಡತಿ ಬ್ಯಾಸ್ಕೆಟ್‌ಬಾಲನ್ನು ಇಷ್ಟು ಹಚ್ಚಿಕೊಂಡಿದ್ದಾಳೆಂದು ಅಳಿಯನಿಗೆ ತಿಳಿದಿರಲಿಲ್ಲ. ಅವನು ಮೆಲ್ಲಗೆ ಅವಳ ಬೆನ್ನು ಸವರಿ, "ಅಳ್ಬೇಡ. ಹೊಸಬರು ಹೋದ್ರೆ ಇನ್ನೊಂದು ಜೋಡಿ ಬರುತ್ತೆ" ಎಂದು ಸಮಾಧಾನ ಹೇಳಿದ. ಅವಳು ಅವನ ಕೈ ಕೊಡವಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಮೆಟ್ಟಿಲ ಮೇಲೆ ಮಾವ ಎದುರಾದರು.

"ಅಳಿಯಂದ್ರೇ, ನೀವು ಆಡಿದ ಮಾತು ನನ್ನ ತನಕ ಬಂತು."

"ಹೇಗನ್ನಿಸ್ತು ಮಾವ?"

ಮಾವ ಅವನ ಮುಖವನ್ನು ಬಹಳ ಹೊತ್ತು ನೋಡಿದರು, ಮುಳ್ಳು ನಿಂತ ಗಡಿಯಾರವನ್ನು ನೋಡಿದ ಹಾಗೆ. "ನಿಜಾನೇ ಇರ್ಬೋದು" ಎಂದರು. ಪಕ್ಕದ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಅವರಿಗೆ ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಸ್ಟೇಷನ್ನಿನಲ್ಲಿ ಸೂಪರಿಂಟೆಂಡೆಂಟ್ ಸಾಹೇಬರು ಅಳಿಯನನ್ನು ಕೋಣೆಗೆ ಕರೆಸಿ ಬಾಗಿಲು ಮುಚ್ಚಿದರು. ಅವರ ಹೆಂಡತಿ ಟೈಲರಮ್ಮನ ಬಳಿ ಅಳತೆ ಕೊಟ್ಟು ಬಂದಿದ್ದರು. ಸಾಹೇಬರದೂ ಎರಡನೆಯ ಮದುವೆ ಎಂಬುದು ಅಳಿಯನಿಗೆ ನೆನಪಾಗಲಿಲ್ಲ.

"ಕೂತ್ಕೊಳ್ಳಿ. ಜೋಡಿಗಳ ವಿಷಯದಲ್ಲಿ ನಿಮ್ಮ ಮಾತು ಊರಲ್ಲಿ ನಡೀತಿದೆಯಂತೆ. ಒಂದು ಮಾತು ಕೇಳ್ತೀನಿ, ಇಲ್ಲೇ ಇರ್ಲಿ. ಹೊಸ ಜೋಡಿ ಹೊಂದ್ಕೊಳ್ಳೋಕೆ ಎಷ್ಟು ಕಾಲ ಬೇಕು?"

"ಎರಡು ಸೀಸನ್ನಾದ್ರೂ ಬೇಕು ಸಾರ್."

ಸಾಹೇಬರು ಬೆರಳು ಮಡಿಸಿ ಏನೋ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು. "ಅಷ್ಟಾದ್ಮೇಲೂ ಹೊಂದಿಕೆ ಆಗ್ಲಿಲ್ಲ ಅಂದ್ರೆ?"

"ಹೊರಗಡೆ ಒಬ್ರು ನಿಂತು ತಪ್ಪು ಮಾಡಿದಾಗೆಲ್ಲ ಕೂಗಿ ಹೇಳ್ತಾ ಇರ್ಬೇಕು ಸಾರ್. ಅಂಥೋರಿಲ್ದೆ ಯಾವ ಜೋಡೀನೂ ಉದ್ಧಾರ ಆಗಲ್ಲ."

"ನಮ್ಮತ್ತೆ ಇದ್ದಾರಲ್ರೀ. ಬೆಳಗ್ಗಿಂದ ಅದೇ ಕೆಲಸ."

ಅಳಿಯ ಆಶ್ಚರ್ಯದಿಂದ ಕಣ್ಣರಳಿಸಿದ. "ಅವರು ಯಾವ ತಂಡಕ್ಕೆ ಸಾರ್?"

"ಹೆಂಡತಿ ತಂಡಕ್ಕೆ. ಇನ್ಯಾವ ತಂಡಕ್ಕೆ ಇರ್ತಾರೆ" ಎಂದು ಸಾಹೇಬರು ಕಿಟಕಿಯಾಚೆ ನೋಡಿದರು. ರೈಲೊಂದು ಬಂದು ನಿಂತು ಹೊರಟುಹೋಯಿತು. ಅಳಿಯ, ಸಾಹೇಬರ ಮನೆಯವರೆಲ್ಲ ಕ್ರೀಡಾಪಟುಗಳೆಂದು ತಿಳಿದು, ಅವರ ಮೇಲಿನ ಗೌರವ ಇಮ್ಮಡಿಯಾಗಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಬಂದ.

ಅಂದು ಸಂಜೆ ಮಾವನ ತಂಗಿ ಬಸ್ಸಿನಲ್ಲಿ ಬಂದಿಳಿದರು. ಕುಟುಂಬದಲ್ಲಿ ಎಲ್ಲಿ ಪಾತ್ರೆ ಬಿದ್ದರೂ ಸದ್ದು ಮೊದಲು ಕೇಳುವುದು ಅವರಿಗೆ. ಚೀಲ ಕೆಳಗಿಡುವ ಮೊದಲೇ ಅಣ್ಣನನ್ನು ಅಂಗಡಿಯಿಂದ ಕರೆಸಿದರು, ಅಣ್ಣನ ಮಗಳನ್ನು ಮಹಡಿಯಿಂದ ಇಳಿಸಿದರು, ಅಳಿಯನನ್ನು ನಡುಮನೆಯ ಒಂಟಿ ಕುರ್ಚಿಯಲ್ಲಿ ಕೂರಿಸಿದರು. ಟೈಲರಮ್ಮ ಯಾವುದೋ ಗುಂಡಿ ವಾಪಸು ಕೊಡಲು ಬಂದವರು ಅಲ್ಲೇ ಗೋಡೆಗೊರಗಿ ನಿಂತರು. ಟೀಚರ್ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ, ಇದೇನು ಸಭೆ ಎಂದು ಅರ್ಥವಾಗದೆ ನೋಡುತ್ತಿದ್ದರು. ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸುದ್ದಿ ಅವರೊಬ್ಬರಿಗೇ ಗೊತ್ತಿರಲಿಲ್ಲ.

"ಏನಪ್ಪಾ," ಎಂದರು ಸೋದರತ್ತೆ, "ಹೊಸ ಜೋಡಿ ಬಾಳಲ್ಲ ಅಂದ್ಯಂತೆ. ಯಾವ ಬಾಯಲ್ಲಿ ಅಂದೆ?"

ಬೇರೆ ಊರಿನವರೂ ತನ್ನ ಅಭಿಪ್ರಾಯ ಕೇಳಲು ಬಂದದ್ದು ಕಂಡು ಅಳಿಯ ನೆಟ್ಟಗೆ ಕೂತ. "ಬಾಯಿಗೆ ಬಂದದ್ದು ಅನ್ನಲಿಲ್ಲ ಅತ್ತೆ. ಆಧಾರ ಇಟ್ಕೊಂಡೇ ಅಂದಿದ್ದು."

"ಆಧಾರ ಬೇರೆ ಇದೆಯಾ?"

"ಕಳೆದ ಸಲ ಗಿಡ್ಡದವರು ಅರ್ಧಕ್ಕೆ ಮುಂಚೇನೇ ನಾಲ್ಕು ಫೌಲ್ ಮಾಡಿದ್ದಾರೆ."

ಫೌಲ್ ಎಂದರೇನೆಂದು ಸೋದರತ್ತೆಗೆ ಗೊತ್ತಿರಲಿಲ್ಲ. ಆದರೆ ಸದ್ದಿನಿಂದಲೇ ಒಳ್ಳೆಯದಲ್ಲ ಎಂದು ತಿಳಿಯಿತು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ನಾಲ್ಕಾ? ಯಾರ ಜೊತೆ?"

"ಎದುರು ಪಾರ್ಟಿಯವರ ಜೊತೆ. ಎಲ್ರ ಕಣ್ಣೆದುರಿಗೇ. ಸೀಟಿ ಊದಿದ್ರೂ ನಿಲ್ಲಿಸ್ಲಿಲ್ವಂತೆ."

ಮಾವ ಎದ್ದು ನಿಂತರು. "ನನ್ನ ಮೊಣಕಾಲಿನ ಬಗ್ಗೆ ಏನು ಬೇಕಾದ್ರೂ ಅನ್ನಿ. ಅವರ ಬಗ್ಗೆ ಒಂದಕ್ಷರ ಅಂದ್ರೆ ನಾನು ಸಹಿಸಲ್ಲ."

"ನಿಮ್ಮ ಮೊಣಕಾಲಾ?" ಎಂದ ಅಳಿಯ. "ನಿಮ್ಮ ಮೊಣಕಾಲಿಗೆ ಏನಾಯ್ತು ಮಾವ?"

ಆಗ ಅಡುಗೆಮನೆಯ ಬಾಗಿಲಿಂದ ಒಂದು ವಿಚಿತ್ರ ಸದ್ದು ಬಂತು. ಟೀಚರ್ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡಿದ್ದರು. ಮೊದಲು ಅಳುತ್ತಿದ್ದಾರೆಂದೇ ಎಲ್ಲರೂ ತಿಳಿದರು. ಅವರು ನಗುತ್ತಿದ್ದರು. ನಿಲ್ಲಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದರು.

"ಅಯ್ಯೋ, ಕೂತ್ಕೊಳ್ರೀ" ಎಂದರು ಗಂಡನಿಗೆ. "ಇವರು ಹೇಳ್ತಿರೋದು ನಮ್ಮನ್ನಲ್ಲ. ಏಣಿ-ಬುಗುರಿನ. ಬ್ಯಾಸ್ಕೆಟ್‌ಬಾಲ್."

ಅಳಿಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಹೆಂಡತಿಯ ಕಣ್ಣೀರು, ಮಾವನ ಮೆಟ್ಟಿಲು, ಸಾಹೇಬರ ಅತ್ತೆ, ಎಲ್ಲವೂ ಒಂದೊಂದಾಗಿ ಅವನ ತಲೆಯೊಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಅವನ ಕಿವಿ ಕೆಂಪಗಾಯಿತು. ಟೈಲರಮ್ಮ ಗುಂಡಿಯನ್ನು ಮೇಜಿನ ಮೇಲಿಟ್ಟು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎನ್ನುತ್ತ ಹೊರಟುಹೋದರು.

"ಆದ್ರೆ ಒಂದು," ಎಂದರು ಟೀಚರ್, ನಗು ನಿಲ್ಲಿಸಿ ಕಣ್ಣೊರೆಸಿಕೊಂಡು. ಅವರ ದನಿ ಮೈದಾನದ ದನಿಯಾಯಿತು. "ಬುಗುರಿ ಚೆಂಡು ಬಿಡೋದಿಲ್ಲ ಅಂತ ಪೇಪರಿನೋರೂ ಬರೆದಿದ್ದಾರೆ. ಬಿಡೋಕೆ ಆಚೆ ಕಡೆ ಆಸಾಮಿ ಇರ್ಬೇಡ್ವಾ? ಏಣಿ ಇನ್ನೂ ತನ್ನ ಹಳೇ ತಂಡದ ಜಾಗದಲ್ಲೇ ನಿಂತ್ಕೋತಾನೆ."

"ನಿಮಗೆ ಆಟ ಗೊತ್ತಾ?" ಎಂದು ಕೇಳಿದಳು ಅಳಿಯನ ಹೆಂಡತಿ.

"ನಾನೂ ಒಂದು ಜೋಡಿಯ ಅರ್ಧ ಆಗಿದ್ದೆ ಕಣಮ್ಮ. ಹೆಂಗಸರ ತಂಡದಲ್ಲಿ."

"ನಿಮ್ಮ ಜೋಡಿಗೆ ಏನಂತ ಹೆಸರಿಟ್ಟಿದ್ರು?" ಎಂದರು ಸೋದರತ್ತೆ.

"ಏನೂ ಇಡ್ಲಿಲ್ಲ. ನೋಡೋಕೆ ಯಾರಾದ್ರೂ ಬಂದ್ರೆ ತಾನೇ ಹೆಸರಿಡೋದು?" ಟೀಚರ್ ಬಂದು ಕೆಳಗೆ ಚಾಪೆಯ ಮೇಲೆ ಕೂತರು. "ಅವಳು ಮದುವೆಯಾಗಿ ದೂರ ಹೋದ್ಲು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದ್ಲು. ಒಳ್ಳೇ ಆಟಗಾರ್ತಿ. ಆದ್ರೆ ನಾನು ಎಸೆದ ಚೆಂಡೆಲ್ಲ ಗ್ಯಾಲರಿಗೆ ಹೋಗ್ತಿತ್ತು. ಎಲ್ರೂ ಅವಳನ್ನೇ ಬೈದ್ರು, ನಾನೂ ಬೈದೆ. ಆಮೇಲೊಂದಿನ ಗೊತ್ತಾಯ್ತು, ನಾನು ಚೆಂಡು ಎಸೀತಿದ್ದದ್ದು ಹಳೆಯವಳು ಇರ್ತಿದ್ದ ಜಾಗಕ್ಕೆ. ಇವಳು ಅಲ್ಲಿ ಇರೋದಾದ್ರೂ ಹೇಗೆ?"

ಟೀಚರ್ ಗಂಡನ ಕಡೆ ಒಮ್ಮೆ ನೋಡಿ, ಹೇಳಲೋ ಬೇಡವೋ ಎಂದು ತಡೆದು, ಹೇಳಿಯೇಬಿಟ್ಟರು. "ಇವರೂ ಹಾಗೇನೇ. ದಿನಾ ಬೆಳಿಗ್ಗೆ ಪ್ರೀತಿಯಿಂದ ಕಾಫಿ ಮಾಡಿ ಕೊಡ್ತಾರೆ, ಎರಡು ಚಮಚ ಸಕ್ಕರೆ ಹಾಕಿ. ನಾನು ಸಕ್ಕರೆ ಮುಟ್ಟೋದಿಲ್ಲ."

ಮಾವ ಬೆಚ್ಚಿ ನೋಡಿದರು. "ಮತ್ತೆ ದಿನಾ ಕುಡೀತಿದ್ರಲ್ಲ?"

"ಕುಡೀದೆ ಏನ್ಮಾಡ್ಲಿ? ಎಷ್ಟು ಆಸೆಯಿಂದ ತಂದುಕೊಡ್ತೀರ. ಯಾರಿಗೆ ತರ್ತಿದ್ದೀರಿ ಅಂತ ನಂಗೆ ಗೊತ್ತಾಗ್ತಿತ್ತು."

"ಅಮ್ಮನಿಗೆ ಎರಡು ಚಮಚ ಬೇಕಿತ್ತು" ಎಂದಳು ಮಗಳು, ತನಗೇ ಹೇಳಿಕೊಂಡಂತೆ. ಆಮೇಲೆ ತಲೆ ತಗ್ಗಿಸಿದಳು. "ಇವರೇನೋ ಆಟದ ಬಗ್ಗೆ ಹೇಳಿದ್ರು. ನಾನು ಒಳಗೊಳಗೇ ಹೋಲಿಸ್ತಾನೇ ಇದ್ದೆ ಚಿಕ್ಕಮ್ಮ. ಅದಕ್ಕೇ ಕೇಳಿದ ತಕ್ಷಣ ನಂಬಿಬಿಟ್ಟೆ."

"ಹೋಲಿಸಮ್ಮ, ತಪ್ಪಿಲ್ಲ. ಹಳೇ ಜೋಡಿ ಚೆನ್ನಾಗಿತ್ತು ಅಂದ್ರೆ ನಂಗೇನು ನಷ್ಟ? ಚೆನ್ನಾಗಿ ಆಡಿ ಬಂದೋರ ಜೊತೆ ಆಡೋದೇ ಸುಲಭ."

ಮಾವ ಎದ್ದು ಅಡುಗೆಮನೆಗೆ ಹೋದರು. ಒಳಗೆ ಪಾತ್ರೆಗಳ ಸದ್ದು ಕೇಳಿತು, ಏನೋ ಒಂದು ಉರುಳಿತು. ಸ್ವಲ್ಪ ಹೊತ್ತಿಗೆ ಒಂದು ಲೋಟ ಹಿಡಿದುಕೊಂಡು ಬಂದು ಟೀಚರ್ ಮುಂದೆ ನಿಂತರು. ಟೀಚರ್ ಒಂದು ಗುಟುಕು ಕುಡಿದರು.

"ಸಕ್ಕರೆ ಸರಿ ಇದೆ," ಎಂದರು. "ಕಾಫಿಪುಡಿ ಹಾಕೋದು ಮರೆತಿದ್ದೀರಿ."

ಸೋದರತ್ತೆ ನಕ್ಕ ರಭಸಕ್ಕೆ ಅಳಿಯನೂ ನಗಬಹುದು ಎಂದುಕೊಂಡ. ಹೆಂಡತಿ ಒಮ್ಮೆ ನೋಡಿದಳು. ನಗುವುದನ್ನು ನಾಳೆಗೆ ಮುಂದೂಡಿದ.

ಭಾನುವಾರ ಸೆಮಿಫೈನಲ್. ಟೀಚರ್ ಎಲ್ಲರನ್ನೂ ಹೊರಡಿಸಿದರು. ಅಳಿಯನಿಗೆ ಅದು ಜೀವನದ ಮೊದಲ ಪಂದ್ಯ. ಆಟಗಾರರು ಇಷ್ಟು ಓಡುತ್ತಾರೆಂದು ಪತ್ರಿಕೆ ಓದಿದಾಗ ಅವನಿಗೆ ಅನ್ನಿಸಿರಲಿಲ್ಲ. ಮಾವ ಆಟಕ್ಕಿಂತ ಅಂಕ ತೋರಿಸುವ ಹಲಗೆಯ ಗಡಿಯಾರವನ್ನೇ ನೋಡುತ್ತ, ಅದು ಸ್ವಲ್ಪ ನಿಧಾನವಾಗಿದೆ ಎಂದು ಚಡಪಡಿಸುತ್ತಿದ್ದರು. ಮೊಣಕಾಲಿಗೆ ಔಷಧಿ ಅಂಗಡಿಯವನ ಪಟ್ಟಿ ಹಾಕಿದ್ದರು; ಹಾಯಾಗಿದೆ ಎಂದರು. ಟೀಚರ್ ಕೂತ ಜಾಗದಲ್ಲಿ ಕೂರಲಿಲ್ಲ. "ನೋಡ್ಕೊಂಡು ಎಸಿಯೋ" ಎಂದು ಅವರು ಕೂಗಿದರೆ ಎದುರು ಗ್ಯಾಲರಿಯವರೂ ತಿರುಗಿ ನೋಡುತ್ತಿದ್ದರು. ಪಕ್ಕದಲ್ಲಿ ಅಳಿಯನ ಹೆಂಡತಿಯೂ ನಿಂತು, ಯಾಕೆ ಎಂದು ತಿಳಿಯದಿದ್ದರೂ, ಅದನ್ನೇ ಕೂಗುತ್ತಿದ್ದಳು.

ಅರ್ಧ ಆಟದವರೆಗೂ ಏಣಿ-ಬುಗುರಿ ಹೊಂದಲಿಲ್ಲ. ಬುಗುರಿ ಎಸೆದದ್ದು ಏಣಿಯ ಬೆನ್ನ ಹಿಂದೆ ಹೋಯಿತು, ಏಣಿ ಎಸೆದದ್ದು ಬುಗುರಿಯ ತಲೆಯ ಮೇಲೆ. ಗ್ಯಾಲರಿಯ ಹಿರಿಯರು ಸೂಜಿ-ದಾರದ ಹೆಸರೆತ್ತಿ ಕೊರಗಿದರು. ಆಮೇಲೆ ಯಾವಾಗಲೋ, ಅಳಿಯ ಕಣ್ಣು ಮಿಟುಕಿಸುವಷ್ಟರಲ್ಲಿ, ಏಣಿ ತಿರುಗಿಯೂ ನೋಡದೆ ಚೆಂಡನ್ನು ಯಾರೂ ಇಲ್ಲದ ಜಾಗಕ್ಕೆ ಬಿಟ್ಟ. ಅಯ್ಯೋ, ಹೋಯಿತು ಎಂದು ಅಳಿಯ ಅರ್ಧ ಎದ್ದ. ಅಷ್ಟರಲ್ಲಿ ಆ ಜಾಗದಲ್ಲಿ ಬುಗುರಿ ಇದ್ದ. ಚೆಂಡು ಬುಟ್ಟಿಯೊಳಗಿಂದ ಇಳಿದು ನೆಲಕ್ಕೆ ಬಿದ್ದ ಸದ್ದು ಗ್ಯಾಲರಿಯ ಕೂಗಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗಡಿಯಾರ ನೋಡುತ್ತಿದ್ದ ಮಾವನೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಅಳಿಯನ ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರು, ದಪ್ಪ ಕನ್ನಡಕದವರು, ಅವನ ಕಡೆ ವಾಲಿ ಕೇಳಿದರು: "ಏನಂತೀರಿ ಸ್ವಾಮಿ? ಇವರು ಸೂಜಿ-ದಾರಕ್ಕಿಂತ ಮೇಲಾ?"

ಅಳಿಯ ಬಾಯಿ ತೆರೆದ. ಉತ್ತರ ನಾಲಿಗೆಯ ತುದಿಗೇ ಬಂದಿತ್ತು, ಬಹುವಚನದ ಸಮೇತ. ಅವನು ಅದನ್ನು ನುಂಗಿಕೊಂಡ.

"ನಂಗೆ ಗೊತ್ತಿಲ್ಲ" ಎಂದ. "ಆ ಜೋಡಿನ ನಾನು ನೋಡೇ ಇಲ್ಲ."

ಅವರು ಸುತ್ತ ಒಮ್ಮೆ ನೋಡಿ, ಕನ್ನಡಕ ಏರಿಸಿಕೊಂಡು, ದನಿ ತಗ್ಗಿಸಿದರು. "ಸದ್ಯ. ನಾನೂ ನೋಡಿಲ್ಲ. ಇಷ್ಟು ದಿನ ಹೇಳಿಕೊಳ್ಳೋಕೆ ಒಬ್ರೂ ಸಿಕ್ಕಿರ್ಲಿಲ್ಲ."

ಇಬ್ಬರೂ ಸ್ವಲ್ಪ ಒತ್ತರಿಸಿಕೊಂಡು ಕೂತರು. ಬುಗುರಿ ಮತ್ತೆ ಚೆಂಡು ಹಿಡಿದು ಹೊರಟಿದ್ದ.